ಬೂಸ್ಟಿಗೂ ಉಂಟು ಬಂದಳಿಕೆ

(ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಮಾವಿನ ಮರ ಕಂಡೆ. ಅರ್ಧ ಮರ ಮಾವು, ಇನ್ನರ್ಧ ಬಂದಳಿಕೆ. ನಿಮಗೆ ಹೊಸದೇನಲ್ಲ. ಹಕ್ಕಿ ಹಣ್ಣು ತಿನ್ನುತ್ತದೆ, ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹಾರಿ ಹೋಗುತ್ತದೆ. ಬೀಜ ಅಲ್ಲೇ ಮೊಳೆತು ಕೊಂಬೆಯೊಳಗೆ ಬೇರು ಇಳಿಸುತ್ತದೆ. ನೀರು ಮಾವಿನದ್ದು, ಸಾರ ಮಾವಿನದ್ದು, ಹೂವು ಮಾತ್ರ ಬಂದಳಿಕೆಯದ್ದು.

ಒಂದು ಪ್ರಶ್ನೆ ಕೇಳುತ್ತೇನೆ. ಬಂದಳಿಕೆಯ ಮೇಲೆ ಇನ್ನೊಂದು ಬಂದಳಿಕೆ ಬೆಳೆದದ್ದನ್ನು ಎಷ್ಟು ಜನ ನೋಡಿದ್ದೀರಿ? ಹಿಂದೆ ಒಬ್ಬರು ಕೈ ಎತ್ತಿದರು. ಸಂತೋಷ. ನಮ್ಮ ಘಟ್ಟದ ಕಾಡಿನಲ್ಲಿ ಅಂಥದ್ದು ಇದೆ. ಮರದ ರಸವನ್ನು ಒಂದು ಬಂದಳಿಕೆ ಹೀರುತ್ತದೆ, ಆ ಬಂದಳಿಕೆಯ ರಸವನ್ನು ಇನ್ನೊಂದು ಹೀರುತ್ತದೆ. ಸಾಲ ಕೊಟ್ಟವನ ಹತ್ತಿರವೇ ಇನ್ನೊಬ್ಬ ಸಾಲ ವಸೂಲಿಗೆ ಬಂದ ಹಾಗೆ.

ಇವತ್ತಿನ ಮಾತು ಇಷ್ಟೇ. ನಿಮ್ಮ ಮೆಣಸಿನ ಬಳ್ಳಿಯನ್ನು, ತೆಂಗು ಅಡಿಕೆಯ ಬೇರನ್ನು ತಿನ್ನುವ ಬೂಸ್ಟು ಇದೆಯಲ್ಲ, ಅದಕ್ಕೂ ಒಂದು ಬಂದಳಿಕೆ ಇದೆ. ಅದೂ ಬೂಸ್ಟೇ. ಪುಸ್ತಕದಲ್ಲಿ ಶಿಲೀಂಧ್ರ ಅಂತ ಬರೆಯುತ್ತಾರೆ. ನಾನು ಬೂಸ್ಟು ಅಂತಲೇ ಹೇಳುತ್ತೇನೆ. ಉಪ್ಪಿನಕಾಯಿ ಜಾಡಿಯ ಮೇಲೆ ಬಂದಾಗ ಯಾರೂ ಶಿಲೀಂಧ್ರ ಬಂತು ಅಂತ ಕೂಗುವುದಿಲ್ಲ, ಅಲ್ವಾ?

ಇಂಥ ಬೂಸ್ಟುಗಳು ತುಂಬಾ ಇವೆ. ಎಲ್ಲದರ ಹೆಸರು ಹೇಳುತ್ತಾ ಕೂತರೆ ಊಟದ ಹೊತ್ತಾಗುತ್ತದೆ. ಮೂರನ್ನು ಮಾತ್ರ ಹೇಳುತ್ತೇನೆ. ಅದರಲ್ಲೂ ಒಂದರ ಬಗ್ಗೆ ಜಾಸ್ತಿ. ಅದರ ಪೊಟ್ಟಣ ನಿಮ್ಮಲ್ಲಿ ಅರ್ಧ ಜನರ ಮನೆಯ ಅಟ್ಟದ ಮೇಲೆ ಈಗಲೂ ಇರಬಹುದು. ಟ್ರೈಕೋಡರ್ಮಾ.

ಈ ಹೆಸರು ಹಳೆಯದು. 1794ರಲ್ಲೇ ಪರ್ಸೂನ್ ಎಂಬ ವಿಜ್ಞಾನಿ ಇಟ್ಟದ್ದು. ಆದರೆ ಅದು ಬೇರೆ ಬೂಸ್ಟನ್ನು ತಿನ್ನುತ್ತದೆ ಅಂತ ಲೋಕಕ್ಕೆ ಗೊತ್ತಾಗಲು ಮುಂದೆ ನೂರಮೂವತ್ತು ವರ್ಷದ ಮೇಲೆ ಬೇಕಾಯಿತು. 1932ರಲ್ಲಿ ವೈಂಡ್ಲಿಂಗ್ ಎಂಬುವರು ಅದನ್ನು ಬರೆದರು. ಅವರು ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಜಾತಿಯ ಸಸಿಗಳು ಬುಡ ಕೊಳೆತು ಬೀಳುವುದರ ಮೇಲೆ ಕೆಲಸ ಮಾಡುತ್ತಿದ್ದರು. ಸಸಿ ಬೀಳಿಸುವ ಬೂಸ್ಟಿನ ಹೆಸರು ರೈಜೋಕ್ಟೋನಿಯಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ರೈಜೋಕ್ಟೋನಿಯಾದ ದಪ್ಪ ಎಳೆಯ ಸುತ್ತ ಇನ್ನೊಂದು ತೆಳು ಎಳೆ ಸುತ್ತಿಕೊಂಡಿದೆ. ನಿಮ್ಮ ಮೆಣಸಿನ ಬಳ್ಳಿ ಅಡಿಕೆ ಮರ ಹಬ್ಬಿದ ಹಾಗೆ ಅಲ್ಲ. ಹೆಬ್ಬಾವು ಜಿಂಕೆಯನ್ನು ಸುತ್ತಿದ ಹಾಗೆ.

ಈ ಎಳೆ ಅಂದೆನಲ್ಲ, ಅದು ನಮ್ಮ ತಲೆಗೂದಲಿಗಿಂತ ಹತ್ತು ಪಟ್ಟು ತೆಳು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಆದರೂ ತನ್ನ ಊಟ ಯಾವ ಕಡೆ ಇದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಹೇಗೆ? ಟ್ರೈಕೋಡರ್ಮಾ ಸುಮ್ನೆ ಇರುವಾಗಲೂ ಸ್ವಲ್ಪ ಸ್ವಲ್ಪ ಜೀರ್ಣರಸ ಹೊರಗೆ ಬಿಡುತ್ತಾ ಇರುತ್ತದೆ. ಆ ರಸ ಹರಿದು ಹೋಗಿ ಬೇರೆ ಬೂಸ್ಟಿನ ಗೋಡೆಗೆ ತಾಗುತ್ತದೆ. ಬೂಸ್ಟಿನ ಗೋಡೆಯಲ್ಲಿ ಕೈಟಿನ್ ಇರುತ್ತದೆ. ಸೀಗಡಿ, ಏಡಿಯ ಚಿಪ್ಪಿನಲ್ಲಿ ಇರುವ ವಸ್ತುವೇ ಅದು. ಗೋಡೆ ಸ್ವಲ್ಪ ಕರಗಿ ಚೂರುಗಳು ಉದುರುತ್ತವೆ. ಆ ಚೂರು ಹಿಂದಕ್ಕೆ ಬಂದು ತಲುಪಿತು ಅಂದರೆ ಟ್ರೈಕೋಡರ್ಮಾಕ್ಕೆ ಸುಳಿವು ಸಿಕ್ಕಿತು. ಎಳೆ ಆ ಕಡೆಗೆ ತಿರುಗುತ್ತದೆ. ಹೋಗಿ ಮುಟ್ಟುತ್ತದೆ, ಸುತ್ತುತ್ತದೆ, ಒತ್ತಿ ಹಿಡಿಯುತ್ತದೆ, ಜೀರ್ಣರಸ ಜೋರಾಗಿ ಬಿಡುತ್ತದೆ. ಗೋಡೆಯಲ್ಲಿ ತೂತು ಬೀಳುತ್ತದೆ. ಆಮೇಲೆ ಒಳಗಿನದ್ದೆಲ್ಲ ಅದರದ್ದೇ.

ಸುತ್ತುವುದಕ್ಕೆ ಅದು ಹೇಗೆ ಗುರುತು ಹಿಡಿಯುತ್ತದೆ ಅನ್ನುವುದಕ್ಕೆ ಇಸ್ರೇಲಿನಲ್ಲಿ ಇನ್ಬಾರ್ ಮತ್ತು ಚೆಟ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. 1992ರಲ್ಲಿ ಅದು ಪ್ರಕಟವಾಯಿತು. ನನಗೆ ತುಂಬಾ ಇಷ್ಟವಾದ ಪ್ರಯೋಗ ಅದು. ಅವರು ನೈಲಾನ್ ದಾರ ತಗೊಂಡರು. ಮೀನು ಹಿಡಿಯುವ ಗಾಳದ ದಾರದ ಜಾತಿ, ಇನ್ನೂ ತೆಳು ಅಂತಿಟ್ಟುಕೊಳ್ಳಿ. ಅದಕ್ಕೆ ಲೆಕ್ಟಿನ್ ಎಂಬ ಪ್ರೋಟೀನ್ ಹಚ್ಚಿದರು. ಬೂಸ್ಟಿನ ಗೋಡೆಯ ಮೇಲೆ ಇಂಥ ಪ್ರೋಟೀನ್ ಇರುತ್ತದೆ. ಟ್ರೈಕೋಡರ್ಮಾ ಬಂತು, ದಾರ ಮುಟ್ಟಿತು, ಸುತ್ತಿಕೊಂಡಿತು! ಒಳಗೆ ತಿನ್ನಲು ಏನೂ ಇಲ್ಲ. ಬರೀ ನೈಲಾನ್. ಪ್ರೋಟೀನ್ ಹಚ್ಚದ ದಾರದ ಮೇಲೆ ಅಷ್ಟು ಸುತ್ತಲಿಲ್ಲ. ಅಂದರೆ ಅದು ಮುಟ್ಟಿ ನೋಡಿ ಗುರುತು ಹಿಡಿಯುತ್ತದೆ. ಗದ್ದೆಯ ಬೆದರುಬೊಂಬೆ ಹಕ್ಕಿಯನ್ನು ಮೋಸ ಮಾಡುತ್ತದೆ, ಇವರು ಬೂಸ್ಟನ್ನೇ ಮೋಸ ಮಾಡಿದರು.

ಈಗ ನೀವೇ ಕಣ್ಣಾರೆ ನೋಡಬಹುದಾದ ಒಂದು ಸಂಗತಿ. ಶೇಂಗಾ ಬೆಳೆಯುವ ನೆಂಟರಿದ್ದರೆ ಕೇಳಿ, ಬುಡ ಕೊಳೆಯುವ ಒಂದು ರೋಗ ಇದೆ. ಬುಡದಲ್ಲಿ ಬಿಳಿ ಹತ್ತಿಯಂಥ ಬೂಸ್ಟು, ಅದರ ಮೇಲೆ ಸಾಸಿವೆಯಂಥ ಕಾಳು. ಸ್ಕ್ಲೆರೋಶಿಯಂ ಅಂತ ಹೆಸರು. ಆ ಸಾಸಿವೆ ಕಾಳು ಬೂಸ್ಟಿನ ಗಂಟು. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ನಾನು ವಿದ್ಯಾರ್ಥಿಗಳಿಗೆ ಕಲಿಸುವಾಗ ಒಂದು ಗಾಜಿನ ತಟ್ಟೆಯಲ್ಲಿ ಈ ಕಡೆ ಅದನ್ನು, ಆ ಕಡೆ ಟ್ರೈಕೋಡರ್ಮಾವನ್ನು ಇಡುತ್ತಿದ್ದೆ. ಎರಡೂ ಬೆಳೆಯುತ್ತವೆ. ಮೂರನೇ ದಿನ ಹೊತ್ತಿಗೆ ನಡುವೆ ಎದುರಾಗುತ್ತವೆ. ಗದ್ದೆಯ ಬದುವಿನ ಹಾಗೆ ಒಂದು ಗೆರೆ. ಆಮೇಲೆ ದಿನ ದಿನಕ್ಕೂ ಟ್ರೈಕೋಡರ್ಮಾದ ಹಸಿರು ಈ ಕಡೆಗೆ ಬರುತ್ತದೆ. ಬದು ಒತ್ತುವರಿ ಮಾಡುವವರನ್ನು ನೀವು ನೋಡಿದ್ದೀರಲ್ಲ, ಅದೇ ತರಹ. ಹತ್ತು ಹನ್ನೆರಡು ದಿನಕ್ಕೆ ಪೂರ್ತಿ ತಟ್ಟೆ ಹಸಿರು. ಆಗ ಒಂದು ಸಾಸಿವೆ ಕಾಳನ್ನು ತೆಗೆದು ಬೆರಳಲ್ಲಿ ಒತ್ತಿ ನೋಡಲು ಹೇಳುತ್ತಿದ್ದೆ. ಮೊದಲು ಒತ್ತಿದರೆ ಗಟ್ಟಿ ಇರುತ್ತಿತ್ತು. ಈಗ ಒತ್ತಿದರೆ ಪಿಚಕ್ಕನೆ ಒಡೆಯುತ್ತದೆ. ಒಳಗೆ ಏನೂ ಇಲ್ಲ.

ಇನ್ನೊಂದು. ಕೆಲವು ಟ್ರೈಕೋಡರ್ಮಾ ತಟ್ಟೆಯ ಮುಚ್ಚಳ ತೆಗೆದರೆ ವಾಸನೆ ಬರುತ್ತದೆ. ಯಾವ ವಾಸನೆ ಹೇಳಿ? ಆಗ ತಾನೇ ತುರಿದ ಹಸಿ ಕಾಯಿಯದ್ದು! ಮೊದಲ ಸಲ ನನಗೆ ಯಾರೋ ಪ್ರಯೋಗಾಲಯದಲ್ಲಿ ಡಬ್ಬಿ ಬಿಚ್ಚಿ ತಿಂಡಿ ತಿನ್ನುತ್ತಿದ್ದಾರೆ ಅನ್ನಿಸಿತ್ತು. ಅದು ಪೈರೋನ್ ಜಾತಿಯ ಒಂದು ವಸ್ತು. ನಮಗೆ ಕಾಯಿ ವಾಸನೆ, ಬೇರೆ ಬೂಸ್ಟುಗಳಿಗೆ ಅದೇ ವಿಷ. ಟ್ರೈಕೋಡರ್ಮಾ ಬರೀ ಸುತ್ತಿ ತಿನ್ನುವುದಲ್ಲ, ದೂರದಿಂದಲೇ ಇಂಥದ್ದನ್ನು ಬಿಟ್ಟು ಎದುರಾಳಿಯನ್ನು ಸುಸ್ತು ಮಾಡಿಯೂ ಇರುತ್ತದೆ. ಅಷ್ಟೇ ಅಲ್ಲ, ಬೇರಿನ ಹೊರಸಿಪ್ಪೆಯಲ್ಲಿ ಹೋಗಿ ನೆಲೆಸುತ್ತದೆ. ಆಗ ಗಿಡ ತಾನೇ ಎಚ್ಚೆತ್ತು ತನ್ನ ಕಾವಲನ್ನು ಬಿಗಿ ಮಾಡಿಕೊಳ್ಳುತ್ತದೆ.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಬೀಡು ಬಿಟ್ಟಿತ್ತು. ನಮ್ಮ ಮಲೆನಾಡಿನ ಆಷಾಢದಂಥ ಹವೆ. ಹತ್ತಿಯ ಡೇರೆ, ಬಟ್ಟೆ ಎಲ್ಲ ಕೊಳೆತು ಚಿಂದಿಯಾದವು. ಏನು ತಿನ್ನುತ್ತಿದೆ ಅಂತ ಹುಡುಕಿದರೆ ಸಾಲೊಮನ್ ದ್ವೀಪಗಳಿಂದ ತಂದ ಚಿಂದಿಯಲ್ಲಿ ಒಂದು ಟ್ರೈಕೋಡರ್ಮಾ ಸಿಕ್ಕಿತು. ಆ ಕೆಲಸದಲ್ಲಿದ್ದ ರೀಸ್ ಎಂಬ ವಿಜ್ಞಾನಿಯ ಹೆಸರನ್ನೇ ಮುಂದೆ ಅದಕ್ಕೆ ಇಟ್ಟರು, ಟ್ರೈಕೋಡರ್ಮಾ ರೀಸೈ ಅಂತ. ಹತ್ತಿ ಕರಗಿಸುವ ಅದರ ರಸವನ್ನು ಈಗ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಇಲ್ಲಿ ಮುಂದೆ ಕೂತಿರುವ ಹುಡುಗರ ಜೀನ್ಸ್ ಪ್ಯಾಂಟು ಹೊಸದಾಗಿದ್ದಾಗಲೇ ಹಳೆಯದರ ಹಾಗೆ ಮಾಸಿದೆಯಲ್ಲ, ಅಂಥ ಬಟ್ಟೆ ಮಾಸಿಸುವುದಕ್ಕೂ ಇದೇ ಜಾತಿಯ ರಸ ಬಳಸುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಟ್ರೈಕೋಡರ್ಮಾದ ಮೂಲ ಕಸುಬು ಕೊಳೆಸುವುದು. ಸೊಪ್ಪು, ಒಣಗಿ ಬಿದ್ದ ಎಲೆಯ ದರಕು, ಅಡಿಕೆ ಸೊಗೆ, ಕಟ್ಟಿಗೆ ಇವೇ ಅದರ ದಿನದ ಅನ್ನ. ಬೇರೆ ಬೂಸ್ಟು ಸಿಕ್ಕಿದರೆ ಅದು ಹಬ್ಬದೂಟ. ದಿನದ ಅನ್ನ ಇಲ್ಲದ ಕಡೆ ಅದು ಉಳಿಯುವುದಿಲ್ಲ. ಬರಡು ಮಣ್ಣಿಗೆ ಪೊಟ್ಟಣ ಒಡೆದು ಸುರಿದು, ರೋಗ ತಿನ್ನು ಅಂದರೆ ಅದು ಏನು ತಿಂದು ಬದುಕಬೇಕು?

ನಮ್ಮ ತೊಂದರೆ ಒಂದು ಮಾತಿನಲ್ಲಿದೆ. ನಾವು ಎಲ್ಲದಕ್ಕೂ ಔಷಧಿ ಅನ್ನುತ್ತೇವೆ. ಔಷಧಿ ಹೊಡೆದೆ, ಔಷಧಿ ಹಾಕಿದೆ. ಮೈಲುತುತ್ತವೂ ಔಷಧಿ, ಇದೂ ಔಷಧಿ. ಔಷಧಿ ಅಂದಮೇಲೆ ರೋಗ ಬಂದ ಮೇಲೆ ತರುತ್ತೇವೆ. ಜಾಸ್ತಿ ರೋಗಕ್ಕೆ ಜಾಸ್ತಿ ಹಾಕುತ್ತೇವೆ. ನಾಳೆ ಬೆಳಗ್ಗೆ ಗುಣ ಕಾಣಬೇಕು ಅನ್ನುತ್ತೇವೆ. ನಾನು ಹೇಳುವುದು, ಇದನ್ನು ಹೆಪ್ಪು ಅಂತ ತಿಳಿಯಿರಿ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತೀರಿ. ಒಂದು ಚಮಚ ಸಾಕು. ಹಾಲು ಬೇಕು. ಹಾಲು ಉಗುರುಬೆಚ್ಚಗೆ ಇರಬೇಕು. ಒಂದು ರಾತ್ರಿ ಅಲ್ಲಾಡಿಸದೆ ಬಿಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಬೆಳಗ್ಗೆ ಮೊಸರಿಲ್ಲ.

ಈಗ ಲೆಕ್ಕ ಹಾಕಿ. ಪೊಟ್ಟಣದ ಬಿಳಿ ಪುಡಿ ಬಹುಪಾಲು ಟಾಲ್ಕ್, ಮುಖಕ್ಕೆ ಹಚ್ಚುವ ಪೌಡರಿನ ಕಲ್ಲು. ಒಂದು ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಂತ ಬೀಜಾಣು ಇರಬೇಕು ಅನ್ನುವುದು ನಿಯಮ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಎಕರೆ ಮಣ್ಣಿಗೆ ಅದು ಕಡಲಿಗೆ ಉಪ್ಪು ಹಾಕಿದ ಹಾಗೆ. ಅದಕ್ಕೇ ಮೊದಲು ಗೊಬ್ಬರದಲ್ಲಿ ಬೆಳೆಸಿಕೊಳ್ಳಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 100 ಕಿಲೋ, ಜೊತೆಗೆ ಹತ್ತು ಕಿಲೋ ಬೇವಿನ ಹಿಂಡಿ, ಒಂದೆರಡು ಕಿಲೋ ಟ್ರೈಕೋಡರ್ಮಾ. ನೆರಳಲ್ಲಿ ಹರವಿ, ನೀರು ಚಿಮುಕಿಸಿ, ಕಲಸಿ, ಒದ್ದೆ ಗೋಣಿ ಮುಚ್ಚಿಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ಸೋರಬಾರದು. ನಾಲ್ಕೈದು ದಿನಕ್ಕೊಮ್ಮೆ ಮಗುಚಿ. ಹದಿನೈದು ದಿನ ಹೊತ್ತಿಗೆ ಮೊದಲು ಬಿಳಿ, ಆಮೇಲೆ ಹಸಿರು ಬೂಸ್ಟು ಕಾಣುತ್ತದೆ. ಆಗ ತೋಟಕ್ಕೆ.

ಇಲ್ಲಿ ನಾನು ಮಾಡಿಕೊಂಡ ಒಂದು ಎಡವಟ್ಟು ಹೇಳಬೇಕು. ಓದು ಮುಗಿಸಿ ಹೊಸತರಲ್ಲಿ ಊರಿಗೆ ಬಂದಿದ್ದೆ. ತಲೆ ತುಂಬ ಟ್ರೈಕೋಡರ್ಮಾ. ನಮ್ಮ ಮನೆಯ ಗೊಬ್ಬರದ ಗುಂಡಿಯಿಂದ ಹೊಸ ಗೊಬ್ಬರ ತೆಗೆಸಿ ರಾಶಿ ಹಾಕಿಸಿದೆ. ಬೆಳಗಿನ ಚಳಿಗೆ ರಾಶಿಯಿಂದ ಹಬೆ ಏಳುತ್ತಿತ್ತು. ಹಬೆ ನೋಡಿ, ಆಹಾ ಎಷ್ಟು ಜೀವಂತ ಗೊಬ್ಬರ ಅಂತ ಖುಷಿಪಟ್ಟು ಐದು ಕಿಲೋ ಪುಡಿ ಸುರಿದೆ. ಗೋಣಿ ಮುಚ್ಚಿದೆ. ಅಪ್ಪಯ್ಯ ದಿನಾ ಕೇಳುತ್ತಿದ್ದರು, ‘ನಿನ್ ಬೂಸ್ಟು ಊಟ ಮಾಡ್ತಾ ಇದೆಯೇನೋ?’ ಹದಿನೈದು ದಿನ ಆಯಿತು, ಇಪ್ಪತ್ತು ಆಯಿತು, ಒಂದು ಹಸಿರು ಚುಕ್ಕಿ ಇಲ್ಲ. ಕೊನೆಗೆ ಅಮ್ಮ ರಾಶಿಯೊಳಗೆ ಕೈ ಹಾಕಿ, ‘ಇಷ್ಟು ಸುಡ್ತಾ ಇದ್ಯಲ್ಲೋ, ಕುದಿಯೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರಾ?’ ಅಂದರು.

ಹೆಪ್ಪಿನ ಮಾತು ನನ್ನದಲ್ಲ, ಅಮ್ಮನದ್ದು. ಟ್ರೈಕೋಡರ್ಮಾಕ್ಕೆ 25ರಿಂದ 30 ಡಿಗ್ರಿ ಹಿತ. ಹೊಸ ಗೊಬ್ಬರದ ರಾಶಿಯ ಒಡಲು 60 ಡಿಗ್ರಿಗೂ ಹೋಗುತ್ತದೆ. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ರಾಶಿಯ ಎದುರು ನಿಂತಾಗ ಹೊಳೆಯಲಿಲ್ಲ.

ಪೊಟ್ಟಣದ ವಿಷಯಕ್ಕೂ ಒಂದು ಮಾತು. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಒಂದು ಅಂಗಡಿಯಿಂದ ಪೊಟ್ಟಣ ತಂದೆ. ತಗಡಿನ ಮಾಡು, ಕಿಟಕಿ ಪಕ್ಕದ ಕಪಾಟು, ಮಧ್ಯಾಹ್ನದ ಬಿಸಿಲು ನೇರ ಪೊಟ್ಟಣದ ಮೇಲೆ. ಅವಧಿ ಇನ್ನೂ ಎರಡು ತಿಂಗಳಿತ್ತು. ಪ್ರಯೋಗಾಲಯದಲ್ಲಿ ತಟ್ಟೆಗೆ ಹಾಕಿ ಎಣಿಸಿದರೆ ಲಕ್ಷಗಳ ಜಾಗದಲ್ಲಿ ಬೆರಳೆಣಿಕೆ. ಪಾಪ, ಅಂಗಡಿಯವರಿಗೆ ಅದು ಗೊಬ್ಬರ, ಕೀಟನಾಶಕಗಳ ನಡುವೆ ಇನ್ನೊಂದು ಪೊಟ್ಟಣ ಅಷ್ಟೇ. ತಯಾರಾದ ತಾರೀಕು ನೋಡಿ ತಗೊಳ್ಳಿ, ಹೊಸತು ಇದ್ದಷ್ಟು ಒಳ್ಳೆಯದು. ತಂದ ಮೇಲೆ ಅಟ್ಟಕ್ಕೆ ಹಾಕಬೇಡಿ. ಅಟ್ಟದ ಸೆಕೆ ನಿಮಗೆ ಗೊತ್ತಲ್ಲ. ಕೃಷಿ ವಿಶ್ವವಿದ್ಯಾಲಯಗಳ ಮಾರಾಟ ಕೇಂದ್ರಗಳಲ್ಲಿ ತಾಜಾ ಸಿಗುತ್ತದೆ. ಪೊಟ್ಟಣದ ಮೇಲೆ ಟ್ರೈಕೋಡರ್ಮಾದ ಜಾತಿ ವಿರಿಡೆ ಅಂತ ಇರಲಿ, ಹಾರ್ಜಿಯಾನಮ್ ಅಂತ ಇರಲಿ, ಅದರ ಚಿಂತೆ ನಿಮಗೆ ಬೇಡ. ವಿರಿಡೆ ಅಂತ ಹೆಸರಿಟ್ಟ ಎಷ್ಟೋ ತಳಿಗಳನ್ನು ಆಮೇಲೆ ಡಿಎನ್‌ಎ ನೋಡಿದಾಗ ಆಸ್ಪೆರೆಲ್ಲಮ್ ಎಂಬ ಬೇರೆ ಜಾತಿ ಅಂತ ಗೊತ್ತಾಯಿತು. ಹೆಸರು ಬದಲಾಯಿತು, ಕೆಲಸ ಬದಲಾಗಲಿಲ್ಲ.

ಇನ್ನು ಮೆಣಸಿನ ಬಳ್ಳಿ. ಸೊರಗು ರೋಗ ತರುವುದು ಫೈಟಾಫ್ತೊರಾ. ಇಲ್ಲೊಂದು ಸೂಕ್ಷ್ಮ ಇದೆ. ಫೈಟಾಫ್ತೊರಾ ನಿಜವಾಗಿ ನೋಡಿದರೆ ಬೂಸ್ಟಿನ ವಂಶದ್ದೇ ಅಲ್ಲ. ಅದು ಪಾಚಿಗಳಿಗೆ ಹತ್ತಿರದ ನೆಂಟ. ಅದರ ಗೋಡೆಯಲ್ಲಿ ಕೈಟಿನ್ ಹೆಚ್ಚುಕಡಿಮೆ ಇಲ್ಲ, ಗ್ಲೂಕನ್ ಮತ್ತು ಹತ್ತಿಯಲ್ಲಿರುವ ಸೆಲ್ಯುಲೋಸ್ ಇರುತ್ತದೆ. ಆದರೆ ನಮ್ಮ ಟ್ರೈಕೋಡರ್ಮಾ ಡೇರೆ ತಿಂದ ವಂಶದ್ದು, ನೆನಪಿದೆಯಲ್ಲ! ಸೆಲ್ಯುಲೋಸ್ ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಮೆಣಸಿಗೂ ಟ್ರೈಕೋಡರ್ಮಾ ಕೆಲಸ ಮಾಡುತ್ತದೆ. ಕೋಳಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಎಷ್ಟೋ ವರ್ಷದಿಂದ ಇದನ್ನು ಹೇಳುತ್ತಾ ಬಂದಿದೆ. ಹಾಕುವುದು ಯಾವಾಗ? ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಒಮ್ಮೆ, ಜೋರು ಮಳೆ ಇಳಿದ ಮೇಲೆ ಇನ್ನೊಮ್ಮೆ. ನಮ್ಮ ತೋಟದಲ್ಲಿ ಬಳ್ಳಿಗೆ ಎರಡು ಕಿಲೋ ಅಂದಾಜು ಈ ಹೆಪ್ಪಾದ ಗೊಬ್ಬರ ಕೊಟ್ಟು, ಮೇಲೆ ದರಕು ಮುಚ್ಚುತ್ತೇವೆ. ಬೇರು ಕೆದಕಬಾರದು. ಎಲೆ ಬಾಡಿ ಗೆಣ್ಣು ಕಳಚಿ ಬೀಳುತ್ತಿರುವ ಬಳ್ಳಿಗೆ ಹಾಕಿ ಉಳಿಸಿಕೊಡು ಅಂದರೆ ಅದು ಆಗದ ಮಾತು. ಆ ಬಳ್ಳಿ ಕಿತ್ತು ಸುಡಿ. ಪಕ್ಕದ ಬಳ್ಳಿಗಳಿಗೆ ಹಾಕಿ.

ತೆಂಗು ಅಡಿಕೆಯ ಅಣಬೆ ರೋಗಕ್ಕೂ ಇದೇ ಮಾತು. ಬುಡದಲ್ಲಿ ಅಣಬೆ ಕಂಡ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಕಾಯಬೇಕಾದದ್ದು ಸುತ್ತಲಿನ ಮರಗಳನ್ನು.

ಈಗ ನೀವು ಕೇಳಲು ಕಾಯುತ್ತಿರುವ ಪ್ರಶ್ನೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಇದು ಆಗುತ್ತದಾ? ನೇರವಾಗಿ ಹೇಳುತ್ತೇನೆ. ಪುನರ್ವಸು, ಪುಷ್ಯ ಮಳೆ ಹಗಲು ರಾತ್ರಿ ಹೊಡೆಯುವಾಗ ಐವತ್ತು ಅಡಿ ಎತ್ತರದ ಕೊನೆಯ, ಅಂದರೆ ಅಡಿಕೆ ಗೊನೆಯ ಮೇಲೆ ಟ್ರೈಕೋಡರ್ಮಾ ಹೊಡೆದು ಅಡಿಕೆ ಉಳಿಸುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಅದಕ್ಕೆ ಗೊಬ್ಬರ ಇಲ್ಲ, ನೆಲೆ ಇಲ್ಲ, ಮಳೆಗೆ ತೊಳೆದು ಹೋಗುತ್ತದೆ. ಅಡಿಕೆ ಕೊನೆಗೆ ಬೋರ್ಡೋ ದ್ರಾವಣವೇ ಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದೇ ಹಳೆಯ ಲೆಕ್ಕ. ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಹೊದಿಕೆಯಂಥ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಕೋಲ್ಮನ್ ಸಾಹೇಬರು ಇದನ್ನು ನಮ್ಮ ತೋಟಗಳಿಗೆ ಹೊಂದಿಸಿ ಕೊಟ್ಟರು. 1910ರಲ್ಲೇ ಕೊಳೆರೋಗದ ಮೇಲೆ ಅವರ ವರದಿ ಬಂದಿದೆ. ಅದಕ್ಕಿಂತ ಚೆಂದದ ಒಂದು ವಿಷಯ ಹೇಳಲಾ? ಕೊಳೆರೋಗ ಅನ್ನುವ ನಮ್ಮ ಮಾತು 1876ರಲ್ಲೇ ಲ್ಯಾಟಿನ್ ಹೆಸರಿನೊಳಗೆ ಸೇರಿಹೋಗಿದೆ. ನಮ್ಮ ಕಡೆಯ ಕಾಫಿ ಎಲೆ ಕೊಳೆಸುವ ಬೂಸ್ಟಿಗೆ ಇಂಗ್ಲೆಂಡಿನ ಕುಕ್ ಎಂಬುವರು ಪೆಲಿಕ್ಯುಲೇರಿಯಾ ಕೊಳೆರೋಗ ಅಂತಲೇ ಹೆಸರಿಟ್ಟರು. ಈಚೆಗೆ ಹೆಸರು ಬದಲಾಗಿದೆ, ಹಳೆಯ ಪುಸ್ತಕಗಳಲ್ಲಿ ನಮ್ಮ ಕನ್ನಡ ಪದ ಹಾಗೇ ಕೂತಿದೆ.

ಬೋರ್ಡೋ ಹೊಡೆಯುವ ತೋಟದಲ್ಲಿ ಟ್ರೈಕೋಡರ್ಮಾ ಇರಬಾರದು ಅಂತಲ್ಲ. ಒಂದೇ ದಿನ, ಒಂದೇ ಬುಡಕ್ಕೆ ಎರಡನ್ನೂ ಸುರಿಯಬಾರದು. ಹದಿನೈದು ದಿನವಾದರೂ ಅಂತರ ಇರಲಿ. ಬೂಸ್ಟು ಕೊಲ್ಲುವ ಕಾರ್ಬೆಂಡಜಿಮ್ ಪುಡಿಯನ್ನಂತೂ ಇದರ ಹತ್ತಿರ ತರಲೇಬೇಡಿ. ಅದು ಕೆಟ್ಟ ಬೂಸ್ಟು, ಒಳ್ಳೆಯ ಬೂಸ್ಟು ಅಂತ ಭೇದ ಮಾಡುವುದಿಲ್ಲ. ಬಯಲುಸೀಮೆಯಲ್ಲಿ ತೊಗರಿಯ ನೆಟೆ ರೋಗಕ್ಕೆ ಬೀಜೋಪಚಾರ ಮಾಡುವವರು ಈ ತಪ್ಪು ಮಾಡುತ್ತಾರೆ. ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಹಚ್ಚಿ, ಧೈರ್ಯ ಸಾಲದೆ ಮೇಲೆ ಅದನ್ನೂ ಹಚ್ಚುತ್ತಾರೆ. ಮನೆಗೆ ನಾಯಿ ತಂದು, ಅದಕ್ಕೇ ವಿಷ ಇಟ್ಟ ಹಾಗಾಯಿತು.

ಎರಡನೆಯ ಬೂಸ್ಟಿಗೆ ಬರುತ್ತೇನೆ. ಇದನ್ನು ಬೇಗ ಮುಗಿಸುತ್ತೇನೆ. ನಿಮ್ಮ ಹಿತ್ತಲ ಸೌತೆ, ಕುಂಬಳದ ಎಲೆ ಮೇಲೆ ಚಳಿಗಾಲದಲ್ಲಿ ಬಿಳಿ ಹಿಟ್ಟು ಎರಚಿದ ಹಾಗೆ ಬೂದಿ ರೋಗ ಬರುತ್ತದಲ್ಲ. ಕೆಲವೊಮ್ಮೆ ಆ ಬಿಳುಪಿನ ನಡುವೆ ಮಾಸಲು ಕಂದು ಬಣ್ಣ ಕಾಣುತ್ತದೆ. ಎಲೆ ಒಣಗಿದ್ದು ಅಂದುಕೊಳ್ಳುತ್ತೇವೆ. ಒಂದು ಒಳ್ಳೆಯ ಭೂತಕನ್ನಡಿ ಹಿಡಿದು ನೋಡಿ. ಬೂದಿ ಬೂಸ್ಟಿನ ಎಳೆಗಳ ನಡುವೆ ತೀರಾ ಸಣ್ಣ ಕಂದು ಚುಕ್ಕಿಗಳಿದ್ದರೆ ಅದು ಆಂಪೆಲೊಮೈಸಿಸ್ ಇರಬಹುದು. ಬೂದಿ ಬೂಸ್ಟಿನ ಹೊಟ್ಟೆಯೊಳಗೇ ಇದು ತನ್ನ ಬುರುಡೆ ಕಟ್ಟಿ ಮರಿ ಮಾಡುತ್ತದೆ. 1852ರಲ್ಲೇ ದ್ರಾಕ್ಷಿ ಮೇಲೆ ನೋಡಿ ಹೆಸರಿಟ್ಟಿದ್ದಾರೆ. ಹೊರದೇಶಗಳಲ್ಲಿ ಇದರ ಪೊಟ್ಟಣವೂ ಬಂದಿದೆ. ಆದರೆ ಇದರ ಹಣೆಬರಹ ನೋಡಿ. ಬೂದಿ ರೋಗಕ್ಕೆ ಬೇಕಾದದ್ದು ಮಳೆ ಇಲ್ಲದ ಒಣ ಹವೆ. ಇದಕ್ಕೆ ಬೇಕಾದದ್ದು ಎಲೆಯ ಮೇಲೆ ನೀರು. ನೀರು ತಾಗಿದರೆ ಮಾತ್ರ ಬುರುಡೆ ಒಡೆದು ಬೀಜಾಣು ಹೊರಗೆ ಬರುತ್ತದೆ. ಕಳ್ಳ ಬಿಸಿಲಲ್ಲಿ ಬರುತ್ತಾನೆ, ಪೊಲೀಸ್ ಮಳೆಯಲ್ಲಿ ಮಾತ್ರ ಹೊರಡುತ್ತಾನೆ. ಹೀಗಾಗಿ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಮಾತ್ರ ನಂಬಿ ಅಂತ ನಾನು ಹೇಳಲಾರೆ.

ಮೂರನೆಯದು ಕಾಫಿಯವರಿಗೆ. ಮೂಡಿಗೆರೆ ಕಡೆಯಿಂದ ಇಬ್ಬರು ಬಂದಿದ್ದಾರೆ. ಎಲೆ ತುಕ್ಕು ರೋಗದ ಕತೆ ಅವರಿಗೆ ಬಾಯಿಪಾಠ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಅಲ್ಲಿನ ಕಾಫಿಯನ್ನೇ ಮುಗಿಸಿ ಟೀ ಬರುವ ಹಾಗೆ ಮಾಡಿತು. ಈಗ ಇನ್ನೊಂದನ್ನು ನೆನಪು ಮಾಡಿಕೊಳ್ಳಿ. ಕಾಫಿ ಎಲೆಯ ಅಡಿಯಲ್ಲಿ, ನಡುದೇಟಿನ ಉದ್ದಕ್ಕೆ ಹಸಿರು ಶಲ್ಕ ಕೀಟ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಕೆಲವು ಕೀಟಗಳ ಸುತ್ತ ಬಿಳಿ ಪ್ರಭಾವಳಿ ಬಂದಿರುತ್ತದೆ, ದೇವರ ವಿಗ್ರಹದ ಹಿಂದೆ ಇರುತ್ತದಲ್ಲ, ಆ ತರಹ. ಆ ಕೀಟ ಸತ್ತಿದೆ. ಆ ಬಿಳಿಯದ್ದು ಲೆಕಾನಿಸಿಲಿಯಂ ಎಂಬ ಬೂಸ್ಟು. 1898ರಲ್ಲಿ ಜಾವಾ ದ್ವೀಪದ ಕಾಫಿ ಗಿಡದಲ್ಲಿ, ಇದೇ ಕೀಟದ ಮೇಲೆ ಕಂಡು ಇದನ್ನು ಮೊದಲು ಬರೆದಿಟ್ಟರು.

ಈ ಬೂಸ್ಟಿಗೆ ಎರಡು ಊಟ. ಕೀಟವನ್ನೂ ತಿನ್ನುತ್ತದೆ, ತುಕ್ಕು ರೋಗದ ಬೂಸ್ಟನ್ನೂ ತಿನ್ನುತ್ತದೆ. ತುಕ್ಕಿನ ಕಿತ್ತಳೆ ಪುಡಿಯ ಮೇಲೆ ಬಿಳಿ ಪದರ ಹಬ್ಬಿದ್ದನ್ನು ನೀವು ನೋಡಿರಬಹುದು. ಮೆಕ್ಸಿಕೋದ ಚಿಯಾಪಾಸ್ ಎಂಬಲ್ಲಿ ವ್ಯಾಂಡರ್‌ಮೀರ್, ಪರ್ಫೆಕ್ಟೊ ಎಂಬ ದಂಪತಿ ವಿಜ್ಞಾನಿಗಳು ಒಂದೇ ಕಾಫಿ ತೋಟವನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ನೆರಳಿನ ಮರದಲ್ಲಿ ಒಂದು ಜಾತಿಯ ಇರುವೆ ಗೂಡು ಕಟ್ಟುತ್ತದೆ. ಇರುವೆಗೆ ಹಸಿರು ಕೀಟದ ಸಿಹಿ ರಸ ಬೇಕು. ಅದಕ್ಕೆ ಅದು ಹಸು ಕಾದ ಹಾಗೆ ಕೀಟವನ್ನು ಕಾಯುತ್ತದೆ, ಶತ್ರುಗಳನ್ನು ಓಡಿಸುತ್ತದೆ. ಕೀಟ ಹೆಚ್ಚುತ್ತದೆ. ಒಂದೇ ಕಡೆ ಹೆಚ್ಚಿದ ಮೇಲೆ ಬಿಳಿ ಬೂಸ್ಟು ಬಂದು ಬೀಳುತ್ತದೆ. ಬಿಳಿ ಬೂಸ್ಟು ಹೆಚ್ಚಿದ ಕಡೆ ಮುಂದಿನ ವರ್ಷ ತುಕ್ಕು ಸ್ವಲ್ಪ ಕಡಿಮೆ ಕಂಡಿತು. ಸ್ವಲ್ಪ ಅಂದೆ, ಗಮನಿಸಿ. ಮ್ಯಾಜಿಕ್ ಏನಲ್ಲ. ಆದರೆ ಇರುವೆ ಕಂಡ ಕೂಡಲೇ ಗಿಡದ ತುಂಬ ವಿಷ ಹೊಡೆದರೆ ನಾವು ಯಾವ ಸರಪಳಿಯ ಯಾವ ಕೊಂಡಿ ಕತ್ತರಿಸುತ್ತಿದ್ದೇವೆ ಅಂತ ಯೋಚಿಸುವ ಹಾಗೆ ಆಯಿತು. ನಮ್ಮ ತೋಟದ ಇರುವೆ ಬೇರೆ, ನೆರಳಿನ ಮರ ಬೇರೆ. ಆ ಕೀಟ ಮತ್ತು ಆ ಬಿಳಿ ಪ್ರಭಾವಳಿ ಎರಡೂ ಇಲ್ಲೂ ಇವೆ. ಈ ಮಳೆಗಾಲದಲ್ಲಿ ಎಲೆ ಮಗುಚಿ ನೋಡಿ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಚಿಪ್ಪು ಅಣಬೆ ಬೆಳೆಯುವ ಒಬ್ಬ ಹುಡುಗ ಎದ್ದು, ‘ಸರ್, ನಮ್ಮ ಚೀಲಗಳಿಗೆ ಹಸಿರು ಬೂಸ್ಟು ಬಂದು ಪೂರ್ತಿ ನಷ್ಟ ಆಗ್ತಿದೆ. ನೀವು ಹೊಗಳ್ತಾ ಇರೋದು ಅದನ್ನೇನಾ?’ ಅಂದ. ಎಲ್ಲರೂ ನಕ್ಕರು. ಅದೇ. ಅಥವಾ ಅದರ ದಾಯಾದಿ. ಅಣಬೆಯೂ ಬೂಸ್ಟಿನ ವಂಶವೇ ಅಲ್ವಾ? ಟ್ರೈಕೋಡರ್ಮಾಕ್ಕೆ ಇದು ರೋಗದ ಬೂಸ್ಟು, ಇದು ಸಾರು ಮಾಡುವ ಅಣಬೆ ಅಂತ ಗೊತ್ತಾಗುವುದಿಲ್ಲ. 1980ರ ದಶಕದಲ್ಲಿ ಐರ್ಲೆಂಡಿನಲ್ಲಿ ಶುರುವಾಗಿ ಹಲವು ದೇಶಗಳ ಅಣಬೆ ಶೆಡ್‌ಗಳನ್ನು ಇದರ ಒಂದು ಜಾತಿ ಹಾಳು ಮಾಡಿದೆ. ಅವನಿಗೆ ಹೇಳಿದ್ದು ಇಷ್ಟು: ಹುಲ್ಲನ್ನು ಸರಿಯಾಗಿ ಬೇಯಿಸು, ಹಸಿರು ಕಂಡ ಚೀಲವನ್ನು ಶೆಡ್ಡಿನೊಳಗೆ ಬಿಚ್ಚಬೇಡ, ದೂರ ಸಾಗಿಸು. ಮನೆಯವರು ಟ್ರೈಕೋಡರ್ಮಾ ಗೊಬ್ಬರ ಮಾಡುವುದಿದ್ದರೆ ಶೆಡ್ಡಿನ ಹತ್ತಿರ ಮಾಡಿಸಬೇಡ. ಆ ಗೊಬ್ಬರ ಮಗುಚುವಾಗ ತೊಟ್ಟ ಬಟ್ಟೆಯಲ್ಲೇ ಶೆಡ್ಡಿಗೆ ಹೋಗಬೇಡ.

ಎರಡನೆಯದನ್ನು ಕೇಳಿದವರು ಒಬ್ಬ ಅಮ್ಮ. ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ‘ಹೆಪ್ಪು ಅಂದ್ರಲ್ಲ, ಹಾಗಾದ್ರೆ ಈ ಸಲದ ಗೊಬ್ಬರದಲ್ಲಿ ಒಂದು ಬುಟ್ಟಿ ತೆಗೆದಿಟ್ಟು ಮುಂದಿನ ರಾಶಿಗೆ ಹಾಕಬಹುದಾ? ಪ್ರತಿ ಸಲ ಪೊಟ್ಟಣಕ್ಕೆ ಯಾಕೆ ದುಡ್ಡು?’

ಹಾಕಬಹುದು ಅಮ್ಮ. ಒಂದು ಸಲ, ಎರಡು ಸಲ. ಆ ಬುಟ್ಟಿ ನೆರಳಲ್ಲಿ ತಂಪಾಗಿರಬೇಕು, ಒಣಗಬಾರದು, ಬೇಗ ಬಳಸಬೇಕು. ಆಮೇಲೆ ಅದರಲ್ಲಿ ಬೇರೆ ಬೂಸ್ಟುಗಳೂ ಸೇರಿಕೊಳ್ಳುತ್ತವೆ. ಹಸಿರಾಗಿ ಕಂಡದ್ದೆಲ್ಲ ಟ್ರೈಕೋಡರ್ಮಾ ಅಲ್ಲ, ಹಳಸಿದ ರೊಟ್ಟಿಯ ಮೇಲೆ ಬರುವುದೂ ಹಸಿರೇ.

ಅದಕ್ಕೆ ಅವರು, ‘ಹೌದೌದು, ನಮ್ಮನೆ ಹೆಪ್ಪೂ ಹಾಗೆಯೇ. ಮಳೆಗಾಲದಲ್ಲಿ ಹುಳಿ ಬಂದು ಲೋಳೆ ಲೋಳೆ ಆಗ್ತದೆ. ಆಗ ಆಚೆಮನೆಯಿಂದ ತರ್ತೇನೆ’ ಅಂದು ಕೂತರು.